ಲಂಗಕ್ಕೆ ಜೇಬು ಯಾಕೆ?

೧

ಈ ಕಥೆಯನ್ನು ಹೇಗೆ ಶುರುಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಡವಿದ್ದೂ ಅಲ್ಲೇ. ದಾರಿ ಗೊತ್ತಿಲ್ಲದವರು ನಾಲ್ಕು ಜನರನ್ನು ಕೇಳಿಕೊಂಡಾದರೂ ಹೋಗುತ್ತಾರೆ. ಗೊತ್ತಿದೆ ಅಂದುಕೊಂಡವಳು ನಾನು, ಯಾರನ್ನೂ ಕೇಳದೆ ಮೊದಲ ಸಾಲು ಬರೆದುಬಿಟ್ಟೆ:

"ಅವಳಿ ಮಕ್ಕಳ ಮಾರ್ಕು ಅದಲುಬದಲಾಗಿದೆ ಎನ್ನುವುದು ಟೈಲರ್ ಅಪ್ಪನಿಗೆ ಒಂದೇ ನೋಟಕ್ಕೆ ಗೊತ್ತಾಯಿತು."

ಓದುಗ ಮಹಾಶಯರೇ, ಈ ಸಾಲನ್ನು ದಯವಿಟ್ಟು ಇನ್ನೊಂದು ಸಲ ಓದಬೇಡಿ. ನಾನೇ ಓದಲಾರದೆ ಎದ್ದು ಅಡುಗೆಮನೆಗೆ ಹೋಗಿ, ಬೇಡದಿದ್ದರೂ ಟೀ ಮಾಡಿಕೊಂಡು ಬಂದಿದ್ದೇನೆ.

೨. ಮೊದಲ ಡ್ರಾಫ್ಟು (ಹರಿದು ಹಾಕಿದ್ದು, ಆದರೆ ಬುಟ್ಟಿಯಿಂದ ಎತ್ತಿ ತೋರಿಸುತ್ತಿದ್ದೇನೆ)

ಪತ್ರಿಕೆಯ ಸಂಪಾದಕರು ಫೋನು ಮಾಡಿ, "ಮೇಡಂ, ಶಾಲೆ ಬಗ್ಗೆ ಏನಾದ್ರೂ ಲೈಟಾಗಿ ಬರ್ಕೊಡಿ. ಮಕ್ಕಳು, ಮೇಷ್ಟ್ರು, ಮಾರ್ಕ್ಸು. ಓದಿದೋರು ನಗಬೇಕು" ಅಂದಿದ್ದರು. ನಗಿಸುವುದು ನನಗೆ ನೀರು ಕುಡಿದಷ್ಟು ಸುಲಭ. ಕೂತೆ, ಬರೆದೆ.

ಒಬ್ಬ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹತ್ತಿರದ ಶಾಲೆಯ ಯೂನಿಫಾರ್ಮ್ ಪೂರ್ತಿ ಅವನದೇ ಹೊಲಿಗೆ. ಹೆಂಡತಿ ಬಟ್ಟೆ ಕತ್ತರಿಸುತ್ತಾಳೆ, ಅವನು ಮೆಷಿನ್ ತುಳಿಯುತ್ತಾನೆ. ಇಬ್ಬರು ಅವಳಿ ಮಕ್ಕಳು, ಒಂದು ಗಂಡು, ಒಂದು ಹೆಣ್ಣು, ಇಬ್ಬರೂ ಅದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಮಗನನ್ನು ಮನೆಯಲ್ಲಿ ಕರೆಯುವುದು 'ಇಂಜಿನಿಯರ್' ಎಂದು, ಮಗಳನ್ನು 'ಅಚ್ಚುಕಟ್ಟಮ್ಮ' ಎಂದು. ಚಿಕ್ಕವರಿದ್ದಾಗ ಒಂದು ದಿನ ಹುಡುಗ ಅಲಾರಂ ಗಡಿಯಾರವನ್ನು ಬಿಚ್ಚಿ ಹರವಿದ್ದ. ಅಪ್ಪ ನೋಡಿದವನೇ, "ನನ್ನ ಮಗ ಇಂಜಿನಿಯರ್ ಆಗ್ತಾನೆ ಕಣೇ!" ಎಂದು ಕೂಗಿದ. ಪಕ್ಕದಲ್ಲಿ ಹುಡುಗಿ ಸ್ಕ್ರೂಗಳನ್ನು ಆರಿಸಿ ಒಂದೊಂದನ್ನೇ ಜಾಗಕ್ಕೆ ಕೂರಿಸುತ್ತಿದ್ದಳು. "ಇವಳು ನೋಡು, ಎಷ್ಟು ಅಚ್ಚುಕಟ್ಟು" ಅಂದ.

(ಗಡಿಯಾರ ಆಮೇಲೆ ನಡೆಯಿತೇ? ನಡೆಯಿತು. ಅದನ್ನೂ ನಾನೇ ಬರೆದೆ. ಬರೆದೂ ಗಮನಿಸಲಿಲ್ಲ.)

ಆ ಶಾಲೆಯಲ್ಲೊಂದು ಪದ್ಧತಿ. ಪರೀಕ್ಷೆಯ ಪೇಪರಿನ ಮೇಲೆ ಹೆಸರು ಬರೆಯುವಂತಿಲ್ಲ, ನಂಬರು ಮಾತ್ರ. ತಿದ್ದುವವರಿಗೆ ಯಾರ ಪೇಪರೆಂದು ತಿಳಿಯಬಾರದು, ಪಕ್ಷಪಾತ ಆಗಬಾರದು ಎಂದು. ಹುಡುಗನದು ನಲವತ್ತೊಂದು, ಹುಡುಗಿಯದು ನಲವತ್ತೆರಡು. ಶಾಲೆಗಳ ನಡುವಿನ ಗಣಿತ ಸ್ಪರ್ಧೆಗೆ ಒಬ್ಬರನ್ನೇ ಕಳಿಸಬೇಕಿತ್ತು. ಅದಕ್ಕಾಗಿ ಲೆಕ್ಕದ ಮೇಷ್ಟ್ರು ಟೆಸ್ಟ್ ಕೊಟ್ಟರು. ಫಲಿತಾಂಶ ಬಂತು. ನಲವತ್ತೊಂದಕ್ಕೆ ಐವತ್ತೆಂಟು. ನಲವತ್ತೆರಡಕ್ಕೆ ತೊಂಬತ್ತಾರು, ಇಡೀ ಶಾಲೆಗೇ ಹೆಚ್ಚು.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಷ್ಟ್ರು ಅವಳಿ ಮಕ್ಕಳನ್ನ ಕಲಸಿಬಿಟ್ಟಿದ್ದಾರೆ!" ಕೊರಳಲ್ಲಿ ಟೇಪು ನೇತಾಡುತ್ತಿರುವಾಗಲೇ ಶಾಲೆಗೆ ಹೋದ. ಮೇಷ್ಟ್ರು ಹಣೆ ಚಚ್ಚಿಕೊಂಡರು. "ಅಯ್ಯೋ ಟೈಲರೇ, ನಂಗೂ ಅನಿಸ್ತು ಇದೇನಪ್ಪಾ ಅಂತ! ಪಕ್ಕಪಕ್ಕದ ನಂಬರು ನೋಡಿ, ಬರ್ಕೊಳೋವಾಗ ಹಿಂದುಮುಂದು ಆಗಿರುತ್ತೆ." ಪೇಪರಿನ ಕಟ್ಟು ಬೀರುವಿನಲ್ಲಿತ್ತು. "ಅದನ್ನೆಲ್ಲಾ ಬಿಚ್ಚೋದ್ಯಾಕೆ, ಗೊತ್ತಿರೋ ವಿಷಯಾನೇ" ಎಂದು ಮಾರ್ಕು ತಿದ್ದಿದರು. ಇಂಜಿನಿಯರ್‌ಗೆ ತೊಂಬತ್ತಾರು, ಅಚ್ಚುಕಟ್ಟಮ್ಮನಿಗೆ ಐವತ್ತೆಂಟು. ಸ್ಪರ್ಧೆಗೆ ಹುಡುಗನ ಹೆಸರು ಹೋಯಿತು. ಮನೆಮಂದಿಯೆಲ್ಲ ನಕ್ಕರು. ಹುಡುಗಿಯೂ ನಕ್ಕಳು. ಮುಗಿಯಿತು.

ಹಾಳೆಗಳ ಫೋಟೋ ತೆಗೆದು ಸಂಪಾದಕರಿಗೆ ಕಳಿಸಲು ಬೆರಳು ಫೋನಿನ ಗುಂಡಿಯ ಮೇಲಿತ್ತು.

೩

"ಆಂಟಿ, ನಾನು ಎಲ್ಲಿ ನಕ್ಕೆ?"

(ತಾನೇ ಹುಟ್ಟಿಸಿದ ಪಾತ್ರ ಬಂದು ಆಂಟಿ ಅಂದರೆ ಕಥೆಗಾರ್ತಿಗೆ ಹೇಗಾಗಬೇಡ! ಕೂದಲಿಗೆ ಬಣ್ಣ ಹಾಕಿ ಇನ್ನೂ ವಾರವಾಗಿಲ್ಲ.)

ಅಚ್ಚುಕಟ್ಟಮ್ಮ ಯೂನಿಫಾರ್ಮಿನಲ್ಲಿ ನಿಂತಿದ್ದಳು. ಎರಡು ಕೈಯಲ್ಲೂ ಸಾಮಾನು: ಕೈವಾರ, ಅರ್ಧ ಮುರಿದ ಸ್ಕೇಲು, ಪೆನ್ಸಿಲು, ರಬ್ಬರು. ಮಾತಾಡುವಾಗ ರಬ್ಬರು ಬಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಪೆನ್ಸಿಲು ಬಿತ್ತು.

"ಜೇಬಲ್ಲಿಟ್ಕೊಬಾರ್ದೇನೇ?" ಅಂದೆ.

"ಜೇಬಿದ್ರಲ್ವಾ? ನೀವು ಅಣ್ಣನ ಪ್ಯಾಂಟಿಗೆ ಎರಡು ಜೇಬು ಬರೆದಿದ್ದೀರ. ನನ್ನ ಲಂಗಕ್ಕೆ ಇಲ್ಲ."

ಬರೆದಿರಲಿಲ್ಲ, ನಿಜ. (ಅವಳು 'ಅಣ್ಣ' ಅನ್ನುವುದು ಅವನು ಅರ್ಧ ಗಂಟೆ ಮೊದಲು ಹುಟ್ಟಿದ ಅಂತ. ಆ ಅರ್ಧ ಗಂಟೆಯನ್ನು ಕೊಟ್ಟವಳೂ ನಾನೇ.)

"ಸರಿ, ಏನು ನಿನ್ನ ತಕರಾರು?"

"ಆ ಪೇಪರ್ ನೋಡಿದ್ರಾ?"

"ಯಾವ ಪೇಪರು?"

"ತೊಂಬತ್ತಾರು ಬಂದ ಪೇಪರು. ಅದಲುಬದಲಾಗಿದೆ ಅಂತ ಬರೆದ್ರಲ್ಲ. ಬಿಚ್ಚಿ ನೋಡಿ ಬರೆದ್ರಾ, ಸುಮ್ನೆ ಬರೆದ್ರಾ?"

ಸುಮ್ಮನೆ ಬರೆದಿದ್ದೆ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂದು ಊರಿಗೆಲ್ಲ ಹೇಳುತ್ತೇವೆ. ಇಲ್ಲಿ ಪ್ರತ್ಯಕ್ಷವೇ ತೊಂಬತ್ತಾರು ಹುಡುಗಿಯದು ಅನ್ನುತ್ತಿತ್ತು. ಅದನ್ನು ಸುಳ್ಳೆಂದು ತೀರ್ಮಾನಿಸಲು ನನಗೆ ಪ್ರಮಾಣವೇ ಬೇಕಾಗಿರಲಿಲ್ಲ.

ಓದುಗರೇ, ನನ್ನ ಅವಮಾನ ನಿಮಗೆ ಅರ್ಥವಾಯಿತೇ? ಟೈಲರನನ್ನು ಬೈಯುವುದು ಸುಲಭ, ಮೇಷ್ಟ್ರನ್ನು ಬೈಯುವುದು ಇನ್ನೂ ಸುಲಭ. ಆದರೆ ಈ ಇಬ್ಬರು ಮಕ್ಕಳೂ ನನ್ನ ತಲೆಯಿಂದ ಹುಟ್ಟಿದವರು. ಬುದ್ಧಿಯನ್ನು ಯಾರಿಗೆ ಬೇಕಾದರೂ ಹಂಚಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಹಂಚುವಾಗ ಯೋಚಿಸಲೂ ಇಲ್ಲ. ಹುಡುಗನಿಗೆ ತಲೆ ಕೊಟ್ಟೆ, ಹುಡುಗಿಗೆ ದುಂಡಗಿನ ಅಕ್ಷರ ಕೊಟ್ಟೆ. ಕೊಟ್ಟವಳು ಹೆಂಗಸು, ಸ್ವಾಮೀ.

೪. ಒಂದು ಸಮಜಾಯಿಷಿ (ಓದದೆ ಮುಂದೆ ಹೋದರೂ ನಷ್ಟವಿಲ್ಲ)

ಇದು ಹಾಸ್ಯದ ಕಥೆ. ಹಾಸ್ಯದಲ್ಲಿ ಎಲ್ಲರಿಗೂ ಗೊತ್ತಿರುವುದನ್ನೇ ಹೇಳಬೇಕು, ಇಲ್ಲದಿದ್ದರೆ ಯಾರೂ ನಗುವುದಿಲ್ಲ. ತೊಂಬತ್ತಾರು ಹುಡುಗಿಯದೇ ಆಗಿದ್ದರೆ ಅದರಲ್ಲಿ ನಗುವುದಕ್ಕೇನಿದೆ?

(ಈ ಕೊನೆಯ ವಾಕ್ಯವನ್ನು ಹೊಡೆದುಹಾಕಲು ಹೋಗಿ, ನೀವೂ ನೋಡಬೇಕೆಂದು ಹಾಗೇ ಬಿಟ್ಟಿದ್ದೇನೆ.)

೫

ಹುಡುಗಿ ಬಿಡಲಿಲ್ಲ. "ಟೆಸ್ಟಲ್ಲಿ ಕೊನೇ ಲೆಕ್ಕ ಯಾವುದು ಆಂಟಿ?"

ಡ್ರಾಫ್ಟು ತೆಗೆದು ನೋಡಿದೆ. ಹೀಗೆ ಬರೆದಿದ್ದೆ: ಹದಿನಾರು ಇಂಚು ಉದ್ದ, ಒಂಬತ್ತು ಇಂಚು ಅಗಲದ ಒಂದು ಹಾಳೆ. ಅದನ್ನು ಎರಡೇ ತುಂಡು ಮಾಡಿ, ಚೂರೂ ಪೋಲು ಮಾಡದೆ ಸೇರಿಸಿ, ಸರಿಯಾದ ಚೌಕ ಮಾಡಬೇಕು. ಅದರ ಕೆಳಗೆ: "ಇಂಜಿನಿಯರ್‌ನ ಕಣ್ಣು ಮಿನುಗಿತು. ಉತ್ತರ ಮಿಂಚಿನಂತೆ ಹೊಳೆಯಿತು."

"ಏನು ಹೊಳೀತು?" ಅಂದಳು.

"ಉತ್ತರ."

"ಅದೇ, ಏನು ಉತ್ತರ?"

"ನಂಗೇನೇ ಗೊತ್ತು! ನಾನು ಕಥೆ ಬರೆಯೋಳು, ಲೆಕ್ಕದಲ್ಲಿ ದೊಡ್ಡ ಸೊನ್ನೆ."

ಇದನ್ನು ನಗುತ್ತಲೇ ಹೇಳಿದೆ. ನನ್ನ ಹಳೆಯ ಜೋಕು ಇದು. ಯಾವ ಸಭೆಗೆ ಕರೆದರೂ ಮೊದಲು ಹೇಳುವುದು ಇದನ್ನೇ: "ಲೆಕ್ಕ ತಲೆಗೆ ಹತ್ತಲಿಲ್ಲ, ಅದಕ್ಕೇ ಕಥೆಗಾರ್ತಿಯಾದೆ." ಜನ ನಗುತ್ತಾರೆ, ನನಗೂ ಧೈರ್ಯ ಬರುತ್ತದೆ. ಹೋದ ತಿಂಗಳು ಹುಡುಗಿಯರ ಶಾಲೆಯೊಂದರ ಸಮಾರಂಭದಲ್ಲೂ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ಗಂಡು ಕಥೆಗಾರರು ಯಾರಾದರೂ ಹೀಗೆ ಹೆಮ್ಮೆಯಿಂದ ಹೇಳಿಕೊಂಡದ್ದನ್ನು ನಾನು ಕೇಳಿಲ್ಲ.

ಈ ಹುಡುಗಿ ನಗಲಿಲ್ಲ. ಮೇಜಿನ ಮೇಲಿದ್ದ ಹಳೆಯ ನ್ಯೂಸ್‌ಪೇಪರನ್ನು ನನ್ನ ಕಡೆ ತಳ್ಳಿದಳು.

"ಕತ್ತರಿ ಎಲ್ಲಿದೆ?"

ಅಳೆದು ಗೆರೆ ಹಾಕಿಕೊಟ್ಟಳು. ನಾನು ಮಧ್ಯಕ್ಕೆ ಕತ್ತರಿಸಿದೆ, ಆಗಲಿಲ್ಲ. ಮೂಲೆಯಿಂದ ಮೂಲೆಗೆ ಕತ್ತರಿಸಿದೆ. ತ್ರಿಕೋನಗಳು ಯಾವ ಕಡೆ ತಿರುಗಿಸಿದರೂ ಮುಖ ತಿರುಗಿಸಿಕೊಂಡು ಕೂತವು. ನೆಲದ ತುಂಬ ಕಾಗದದ ಚೂರು. ಬೆವರು ಬಂತು. ಏನು ಬಂದಿದೆ ನನಗೆ ಈ ವಯಸ್ಸಿನಲ್ಲಿ ಎಂದು ಕತ್ತರಿ ಎಸೆಯಲು ಹೋದೆ.

"ಅಮ್ಮ ಬಟ್ಟೆ ಕಮ್ಮಿ ಬಿದ್ದಾಗ ಯಾವಾಗ್ಲೂ ನೇರಕ್ಕೇ ಕತ್ತರಿಸ್ತಾಳಾ?" ಅಂದಳು, ಅಷ್ಟೇ.

ನೇರಕ್ಕೆ ಅಲ್ಲದಿದ್ದರೆ ಇನ್ನು ಹೇಗೆ? ಅಂಕುಡೊಂಕಾಗಿ? ಮೆಟ್ಟಿಲು ಮೆಟ್ಟಿಲಾಗಿ? ಹೊಸ ಹಾಳೆ ತೆಗೆದುಕೊಂಡೆ. ನಾಲ್ಕು ಅಡ್ಡ, ಮೂರು ಕೆಳಗೆ. ನಾಲ್ಕು ಅಡ್ಡ, ಮೂರು ಕೆಳಗೆ. ಮೆಟ್ಟಿಲಿನ ಹಾಗೆ ಕತ್ತರಿಸಿ, ಒಂದು ತುಂಡನ್ನು ಇನ್ನೊಂದರ ಮೇಲೆ ಒಂದು ಮೆಟ್ಟಿಲು ಏರಿಸಿ ಕೂರಿಸಿದೆ. ಕೂತಿತು! ಹನ್ನೆರಡಕ್ಕೆ ಹನ್ನೆರಡು. ಅಳೆದು ನೋಡಿದೆ, ಎರಡನೇ ಸಲ ಅಳೆದೆ. ಚೌಕ.

ಸಂತೋಷವಾಯಿತು. ಸುಳ್ಳೇಕೆ, ಕಣ್ಣಲ್ಲಿ ನೀರೇ ಬಂತು. ಆಮೇಲೆ, ಇಷ್ಟು ವರ್ಷ ನಗುನಗುತ್ತಾ ಕಳೆದುಕೊಂಡದ್ದು ಏನೆಂದು ಗೊತ್ತಾಗಿ ಆ ಸಂತೋಷದ ಮೇಲೂ ನಾಚಿಕೆಯಾಯಿತು.

"ಮಿಂಚಲಿಲ್ಲ ಅಲ್ವಾ?" ಅಂದಳು ಹುಡುಗಿ. "ನಂಗೂ ಮಿಂಚಿರಲಿಲ್ಲ. ಪರೀಕ್ಷೇಲಿ ರಬ್ಬರ್ ಸವೆದು ಹೋಯ್ತು."

೬. ತೊಂಬತ್ತಾರು ಯಾರದೆಂದು ತಾಯಿಯನ್ನು ಕೇಳಿದೆ

ಅವಳು ನೆಲದ ಮೇಲೆ ಬಟ್ಟೆ ಹಾಸಿ, ಒಂಬತ್ತು ಲಂಗದ ಬಟ್ಟೆಯಲ್ಲಿ ಹತ್ತು ಲಂಗ ಕತ್ತರಿಸುತ್ತಿದ್ದಳು. "ನಂಗೇನ್ ಗೊತ್ತು ಮೇಡಂ ಲೆಕ್ಕ! ನಮ್ಮ ಮನೇಲಿ ಹೆಣ್ಮಕ್ಕಳಿಗೆ ಅದು ಬರಲ್ಲ" ಅಂದಳು, ಸೀಮೆಸುಣ್ಣದ ಚೂರಿನಲ್ಲಿ ಗೆರೆ ಎಳೆಯುತ್ತ.

(ಇದು ತೀರಾ ಸಲೀಸಾದ ವ್ಯಂಗ್ಯ. ಕಥಾ ಶಿಬಿರದಲ್ಲಿ ಯಾರಾದರೂ ಬರೆದಿದ್ದರೆ ನಾನೇ ಹೊಡೆದುಹಾಕಿಸುತ್ತಿದ್ದೆ. ಇದನ್ನೂ ಹೊಡೆದುಹಾಕಿದೆ. ಆದರೂ ಅವಳು ಕತ್ತರಿಸುತ್ತಲೇ ಇದ್ದಾಳೆ, ಏನು ಮಾಡಲಿ.)

೭. ಅಂತ್ಯಗಳು

ಕಥೆಯ ಒಳಗೆ ಈಗ ಸ್ಪರ್ಧೆಯ ಹಿಂದಿನ ಸಂಜೆ. ಬೆಳಗಾದರೆ ಶಾಲೆಯ ಗೇಟಿಗೆ ವ್ಯಾನು ಬರುತ್ತದೆ. ಒಂದೇ ಸೀಟು. ಹುಡುಗಿಗೆ ಅದರಲ್ಲಿ ಹೋಗಬೇಕು. ಬೇರೇನೂ ಬೇಡ ಅವಳಿಗೆ. ತಪ್ಪು ನನ್ನದು, ತಿದ್ದುವ ಪೆನ್ನೂ ನನ್ನ ಕೈಯಲ್ಲೇ ಇದೆ. ಬಡಬಡ ಬರೆಯತೊಡಗಿದೆ.

ಅಂತ್ಯ ಒಂದು. ಹುಡುಗ ಎದ್ದು ನಿಂತು ಎಲ್ಲರೆದುರು ಹೇಳುತ್ತಾನೆ: "ತೊಂಬತ್ತಾರು ನನ್ನದಲ್ಲ, ತಂಗಿಯದು." ಎಲ್ಲರೂ ಅವನ ಬೆನ್ನು ತಟ್ಟುತ್ತಾರೆ. ಎಂಥಾ ದೊಡ್ಡ ಮನಸ್ಸು ಎನ್ನುತ್ತಾರೆ.

"ಮತ್ತೆ ಅವನೇ ಹೀರೋ" ಅಂದಳು ಹುಡುಗಿ.

ಹುಡುಗನೂ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದ. ಜೇಬಿನಲ್ಲಿ ಕೈ. ಪಾಪ, ಮುಖ ಬಾಡಿತ್ತು. "ಆಂಟಿ, ನಾನು ಕೊನೇ ಲೆಕ್ಕ ಮುಟ್ಟೇ ಇಲ್ಲ. ನಾಳೆ ಅಲ್ಲಿ ಕೂತು ಏನ್ ಮಾಡ್ಲಿ?"

"ಮತ್ತೆ ಅವತ್ತೇ ಯಾಕೋ ಹೇಳ್ಲಿಲ್ಲ?"

"ಅಪ್ಪ ಹೆಗಲ ಮೇಲೆ ಕೈ ಹಾಕಿದ್ರು." ಜೇಬಿನಿಂದ ಕೈ ತೆಗೆದು ಅಂದ, "ಯಾವತ್ತೂ ಹಾಕಿರ್ಲಿಲ್ಲ."

ತಂಗಿ ಅವನ ಕಡೆ ನೋಡಲಿಲ್ಲ. ಅವನೂ ನೋಡಲಿಲ್ಲ. ಒಂದೇ ಹೊಟ್ಟೆಯಲ್ಲಿ ಜೊತೆಗಿದ್ದವರು.

ಅಂತ್ಯ ಎರಡು. ಅಪ್ಪ ಮಗಳ ಕೈ ಹಿಡಿದು ಗೊಳೋ ಎಂದು ಅಳುತ್ತಾನೆ. "ನನ್ನ ಕಣ್ಣು ತೆರೆಸಿದೆ ಮಗಳೇ!"

"ನಾನು ಹಂಗೆಲ್ಲಾ ಅಳೋನಲ್ಲ ಮೇಡಂ" ಎಂದು ಮೆಷಿನ್ ನಿಲ್ಲಿಸಿ ಟೈಲರ್ ಸಿಡುಕಿದ. "ನಾನು ಶಾಲೆಗೆ ಹೋಗಿದ್ದು ಹೌದು. ಕಳಿಸಿದ್ದು ಯಾರು? 'ಒಂದೇ ನೋಟಕ್ಕೆ ಗೊತ್ತಾಯಿತು' ಅಂತ ಬರೆದೋರು ಯಾರು? ನೀವು 'ಒಂದು ಗಳಿಗೆ ಅನುಮಾನ ಬಂತು' ಅಂತ ಅರ್ಧ ಸಾಲು ಸೇರಿಸಿದ್ರೆ ನಾನು ದಾರೀಲೇ ನಿಲ್ತಿದ್ದೆ. ಈಗ ನಾನು ಅಳಬೇಕು, ನೀವು ಬಚಾವ್ ಆಗ್ಬೇಕು. ಚೆನ್ನಾಗಿದೆ ನ್ಯಾಯ!"

ಅವನು ಸೂಜಿಗೆ ದಾರ ಪೋಣಿಸಲು ಹೋಗಿ ತಪ್ಪಿದ, ಇನ್ನೊಂದು ಸಲ ತಪ್ಪಿದ. ಆಮೇಲೆ ದನಿ ತಗ್ಗಿಸಿ ಅಂದ: "ಅವಳು ಜೇಬು ಹೊಲ್ಕೊಡು ಅಂತ ಕೇಳಿದ್ಲು. ಲಂಗಕ್ಕೆ ಜೇಬು ಯಾಕೆ ಅಂದೆ. ಇಟ್ಕೊಳೋಕೆ ನಿನ್ನತ್ರ ಏನಿದೆ ಅಂದೆ." ಆ ಮಾತನ್ನು ನಾನು ಯಾವ ಡ್ರಾಫ್ಟಿನಲ್ಲೂ ಬರೆದಿರಲಿಲ್ಲ. ಅವನೇ ಹೇಳಿದ್ದು.

ಅಂತ್ಯ ಮೂರು (ಇದು ನನಗೆ ತುಂಬ ಇಷ್ಟವಾಗಿತ್ತು). ಬೆಳಿಗ್ಗೆ ಇಡೀ ಶಾಲೆಯ ಎದುರು ಮೇಷ್ಟ್ರು ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆಯುತ್ತಾರೆ. ಕಷ್ಟದ ಲೆಕ್ಕವೊಂದನ್ನು ಕೊಡುತ್ತಾರೆ. ಚಾಕ್‌ಪೀಸು ಟಕಟಕ ಓಡುತ್ತದೆ. ಲೆಕ್ಕ ಬಿಡಿಸುತ್ತಾಳೆ. ಚಪ್ಪಾಳೆ!

ಓದಿ ತೋರಿಸಿದೆ. ಮೆಚ್ಚುತ್ತಾಳೆಂದು ಕಾದೆ.

"ನಾನ್ಯಾಕೆ ಇನ್ನೊಂದ್ಸಲ ಪರೀಕ್ಷೆ ಬರೀಬೇಕು?" ಅಂದಳು. "ಅವನು ಒಂದ್ಸಲಾನೂ ಬಿಡಿಸ್ಲಿಲ್ಲ, ಅವನಿಗೆ ಕೊಟ್ರಿ. ನಾನು ಬಿಡಿಸಿದ್ದೀನಿ. ಎಷ್ಟು ಸಲ ಬಿಡಿಸಿದ್ರೆ ನಿಮಗೆ ಸಾಕಾಗುತ್ತೆ?"

"ಹೋಗ್ಲಿ, ನೇರವಾಗಿ ನಿನ್ನನ್ನ ವ್ಯಾನಿಗೆ ಹತ್ತಿಸಿಬಿಡ್ತೀನಿ. ಒಂದೇ ಸಾಲು. ಆಯ್ತಾ?"

"ಅದು ನೀವು ಪಾಪ ಅಂತ ಹತ್ತಿಸಿದ ಹಾಗೆ. ನಾನು ಮಾರ್ಕು ತಗೊಂಡು ಹತ್ತೋದು." ಕೈಯಲ್ಲಿದ್ದ ಸಾಮಾನನ್ನು ಎದೆಗೆ ಒತ್ತಿಕೊಂಡಳು. "ಬೀರುವಲ್ಲಿ ಪೇಪರ್ ಕಟ್ಟು ಇದೆ ಆಂಟಿ. ಅದನ್ನ ಬಿಚ್ಚಿಸಿ. ನಲವತ್ತೆರಡನೇ ನಂಬರ್ ತೆಗೆದು ನೋಡ್ಲಿ. ನಂಗೆ ಅಷ್ಟೇ ಸಾಕು."

೮. ಬೀರು

ಎಷ್ಟು ಸಣ್ಣ ಕೆಲಸ! ಒಂದು ದಾರದ ಗಂಟು. ಮೇಷ್ಟ್ರ ಹತ್ತಿರ ಹೋದೆ.

"ಮೇಡಂ, ಹೆಸರು ಹೋಗಿ ಆಗಿದೆ" ಅಂದರು. ಬೀರುವಿಗೆ ಬೆನ್ನು ಕೊಟ್ಟು ನಿಂತಿದ್ದರು, ಕೆಟ್ಟವರಂತೆ ಅಲ್ಲ, ಹೊಟ್ಟೆನೋವು ಇರುವವರಂತೆ. "ಈಗ ಬಿಚ್ಚಿ, ಅದು ಆ ಹುಡುಗೀದೇ ಅಂತಾದ್ರೆ ನನ್ನ ಮುಖ ಎಲ್ಲಿಡ್ಲಿ? ಪಕ್ಷಪಾತ ಆಗ್ಬಾರ್ದು ಅಂತ ನಂಬರ್ ಪದ್ಧತಿ ತಂದೋನೇ ನಾನು."

ಆಡಿಕೊಳ್ಳುವವರ ಮುಂದೆ ಎಡವಿ ಬೀಳುವ ಭಯ. ಯಾರಿಗಿಲ್ಲ! ಅವರಿಗೆ ಚೆನ್ನಾಗಿ ನಾಲ್ಕು ಮಾತು ಹೇಳಬೇಕೆಂದು ಪೆನ್ನು ಎತ್ತಿದೆ. ಅವರನ್ನು ಪಕ್ಕಕ್ಕೆ ಸರಿಸಿದೆ ಕೂಡ. (ಕಥೆಗಾರ್ತಿಗೆ ಅಷ್ಟು ಅಧಿಕಾರ ಇದೆ.) ಬೀರುವಿನ ಬಾಗಿಲು ತೆರೆದು ಕಟ್ಟನ್ನು ಮೇಜಿನ ಮೇಲಿಟ್ಟೆ. ದಾರದ ತುದಿ ನನ್ನ ಬೆರಳಿನಲ್ಲಿತ್ತು.

ಎಳೆಯಲಿಲ್ಲ.

ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮುಖ ನೋಡಿದಳು.

"ನಿಮಗೂ ಡೌಟಿದೆ ಅಲ್ವಾ?"

ಇಲ್ಲ ಕಣೇ ಅಂದೆ. ಎಷ್ಟು ಬೇಗ ಅಂದೆನೆಂದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡಂತಾಯಿತು. ಮೆಟ್ಟಿಲಿನ ಉತ್ತರಕ್ಕೆ ದಾರಿ ತೋರಿಸಿದ್ದು ಅವಳೇ. ಹುಡುಗ ತಾನಾಗಿ ಬಂದು, ಲೆಕ್ಕ ಮುಟ್ಟೇ ಇಲ್ಲ ಅಂದಿದ್ದಾನೆ. ಅವಳನ್ನು ಹುಟ್ಟಿಸಿದವಳು ನಾನು. ಇಷ್ಟಾದರೂ ತಲೆಯ ಯಾವುದೋ ಮೂಲೆಯಲ್ಲಿ ಒಂದು ದನಿ: ಬಿಚ್ಚಿ ನೋಡಿದಾಗ ಒಂದು ವೇಳೆ ಅವನದೇ ಆಗಿದ್ದರೆ? ಹುಡುಗಿಯರು ಸ್ವಲ್ಪ ಜಾಸ್ತಿ ಹೇಳಿಕೊಳ್ಳುತ್ತಾರಲ್ಲ?

ಇದನ್ನು ಬರೆಯಬಾರದಿತ್ತು. ಬರೆದಿದ್ದೇನೆ. ನೀವು ಓದಿಯೂ ಆಯಿತು. ನಿಮ್ಮ ಮನೆಯ ಇಂಜಿನಿಯರ್ ಯಾರು, ಅಚ್ಚುಕಟ್ಟಮ್ಮ ಯಾರು ಎಂದು ನಾನು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ.

೯

ಬೆಳಗಾಗಿದೆ. ನಾನು ಬೆಳಗು ಮಾಡಲಿಲ್ಲ, ಅದೇ ಆಯಿತು. ಗೇಟಿನಲ್ಲಿ ವ್ಯಾನು ನಿಂತಿದೆ, ಬಾಗಿಲು ತೆರೆದಿದೆ. ಟೈಲರ್ ಬಂದಿದ್ದಾನೆ, ಕೊರಳಲ್ಲಿ ಟೇಪು. ತಾಯಿ ಬಂದಿದ್ದಾಳೆ, ಸೆರಗಿಗೆ ಸೀಮೆಸುಣ್ಣದ ಗೆರೆ ಮೆತ್ತಿದೆ. ಮೇಷ್ಟ್ರು ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡಿದ್ದಾರೆ. ಯಾಕೆ ತಂದರೋ ಅವರಿಗೇ ಗೊತ್ತಿಲ್ಲ. ಹುಡುಗ ವ್ಯಾನಿನ ಮೆಟ್ಟಿಲಿನ ಹತ್ತಿರ ನಿಂತಿದ್ದಾನೆ, ಹತ್ತುತ್ತಿಲ್ಲ. ಹುಡುಗಿ ಎರಡು ಕೈ ತುಂಬ ಸಾಮಾನು ಹಿಡಿದುಕೊಂಡು ಅವನ ಪಕ್ಕದಲ್ಲಿದ್ದಾಳೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

ಸಂಪಾದಕರ ಫೋನು ಬರುತ್ತಿದೆ. ಎತ್ತಲಿಲ್ಲ.

ಏನಾದರೂ ಬರೆಯಬೇಕಿತ್ತು. ಜೇಬು ಬರೆದೆ. ಅವಳ ಲಂಗದ ಬಲಗಡೆಯ ಹೊಲಿಗೆಯಲ್ಲಿ, ಒಳ್ಳೇ ಆಳದ ಜೇಬು, ಗಟ್ಟಿ ದಾರದ್ದು. ಎಲ್ಲೂ ತಿದ್ದಬೇಕಾಗಲಿಲ್ಲ. ಇಂಥದ್ದು ನನಗೆ ಚೆನ್ನಾಗಿ ಬರುತ್ತದೆ.

ಹುಡುಗಿ ತಗ್ಗಿ ನೋಡಿದಳು. ಕೈವಾರ ಹಾಕಿದಳು, ಸ್ಕೇಲು ಹಾಕಿದಳು, ಪೆನ್ಸಿಲು, ಸವೆದ ರಬ್ಬರು, ಎಲ್ಲ ಹಿಡಿಸಿತು. ಕೈ ಖಾಲಿಯಾಯಿತು. ಖಾಲಿ ಕೈಗಳನ್ನು ತಿರುಗಿಸಿ ನೋಡಿಕೊಂಡು, ಮೇಷ್ಟ್ರ ಕಂಕುಳಲ್ಲಿದ್ದ ಕಟ್ಟನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟೇನಾ ಆಂಟಿ?"

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಕಟ್ಟಿನ ಗಂಟು ಹಾಗೇ ಇದೆ.